ವಸ್ತು ಕಾಣುತ್ತದೆ

ಅಳತೆ ಮಾಮ ಎಂದರೆ ಆ ಬೀದಿಯಲ್ಲಿ ಯಾರಿಗೆ ಗೊತ್ತಿಲ್ಲ? ಲಾರಿ ಯಾರಿಗಾದರೂ ಗುದ್ದಿದರೆ, ಅವರು ಡ್ರೈವರನ ಕಣ್ಣಿಗೆ ಕಾಣುವ ಜಾಗದಲ್ಲಿದ್ದರೋ ಇಲ್ಲವೋ ಎಂದು ಅಳೆದು ಕೋರ್ಟಿಗೆ ವರದಿ ಕೊಡುವುದು ಅವರ ಕೆಲಸ. ಜೇಬಿನಲ್ಲಿ ಸದಾ ಟೇಪು. ಮಂಚದ ಮೇಲೆ ತಮ್ಮ ಪಾಲೆಷ್ಟು, ಹೆಂಡತಿಯ ಪಾಲೆಷ್ಟು ಎಂದು ಒಮ್ಮೆ ಅಳೆದದ್ದೂ ಉಂಟು. ಲೆಕ್ಕ ತಮಗೇ ತಿರುಗಿಬಿದ್ದದ್ದರಿಂದ ಆ ವರದಿ ಮಾತ್ರ ಹೊರಬರಲಿಲ್ಲ.

ಇಲಾಖೆ ಅವರಿಗೆ ಸಹಾಯಕರನ್ನು ಕೊಟ್ಟಿರಲಿಲ್ಲ. ಹಾಗಾಗಿ ಪೆಟ್ಟು ತಿಂದವರ ಬದಲು ಲಾರಿ ಮುಂದೆ ನಿಲ್ಲುವ ಭಾಗ್ಯ ಇಪ್ಪತ್ತೆರಡು ವರ್ಷದಿಂದ ಹೆಂಡತಿಯದೇ. ವರದಿಯಲ್ಲಿ ಆಕೆಗೆ ಹೆಸರಿರಲಿಲ್ಲ. 'ವಸ್ತು ಕಾಣುತ್ತದೆ', 'ವಸ್ತು ಕಾಣುವುದಿಲ್ಲ', ಅಷ್ಟೇ.

ಆ ದಿನ ಪೊಲೀಸ್ ಠಾಣೆಯ ಅಂಗಳದಲ್ಲಿ ಒಂದು ದೊಡ್ಡ ಲಾರಿ ನಿಂತಿತ್ತು. ಸಿಗ್ನಲ್ಲಿನಲ್ಲಿ ಅಂಚೆಯಾಕೆಯೊಬ್ಬಳು ಲಾರಿಯ ಮುಂದೆಯೇ ಬಗ್ಗಿ ಸೈಕಲ್ ಚೈನು ಸರಿಮಾಡುತ್ತಿದ್ದಾಗ ಹಸಿರು ದೀಪ ಬಿದ್ದು, ಲಾರಿ ಹೊರಟು, ಆಕೆಯ ಕಾಲು ಮುರಿದಿತ್ತು. ಕಾಣಲೇ ಇಲ್ಲ ಎನ್ನುತ್ತಿದ್ದ ಡ್ರೈವರ್. ಕಾಣುತ್ತಿತ್ತು ಎಂದು ವರದಿ ಬಂದರೆ ಅವನ ಲೈಸೆನ್ಸು ಹೋಗುತ್ತಿತ್ತು. ವರದಿ ಸಂಜೆಯೊಳಗೆ ಕೋರ್ಟು ಸೇರಬೇಕಿತ್ತು. ಪಾಪ, ಅವನು ಮರದ ಕೆಳಗಿನ ಬೆಂಚಿನಲ್ಲಿ ಮುಖ ಹುಳ್ಳಗೆ ಮಾಡಿಕೊಂಡು ಕೂತಿದ್ದ. ಆರೋಪಿ ಲಾರಿ ಮುಟ್ಟುವಂತಿಲ್ಲ ಎಂಬುದು ನಿಯಮ.

ಆರಡಿ ಎತ್ತರದ ಮಾಮ ಡ್ರೈವರ್ ಸೀಟಿನಲ್ಲಿ ವಿರಾಜಮಾನರಾದರು. ಹೆಂಡತಿ ಅಂಚೆಯಾಕೆ ಇದ್ದ ಜಾಗದಲ್ಲಿ ಅವಳಂತೆಯೇ ಬಗ್ಗಿ ಕೂತರು.

"ಕಾಣ್ತಿದೆ. ಹಿಂದೆ ಹೋಗು. ಕಾಣ್ತಿದೆ."

"ರೀ, ಮಂಡಿ ನೋಯ್ತಿದೆ."

"ವಸ್ತು ಮಾತಾಡಬಾರದು," ಎಂದು ಮಾಮ ತಲೆ ತಗ್ಗಿಸಿ ಬರೆಯತೊಡಗಿದರು. ತಲೆ ಎತ್ತಿದಾಗ ಎದುರಿಗೆ ಯಾರೂ ಇರಲಿಲ್ಲ.

"ಇನ್ನೂ ಹಿಂದೆ," ಎಂದರು. ಕಾಣಲಿಲ್ಲ. ಮೂರು ಮೀಟರ್, ಐದು ಮೀಟರ್, ಎಂಟು ಮೀಟರ್, ಎಲ್ಲೂ ಕಾಣಲಿಲ್ಲ. ಇಷ್ಟು ದೊಡ್ಡ ಕುರುಡು ಜಾಗ ಲಾರಿಗಳ ಚರಿತ್ರೆಯಲ್ಲೇ ಇಲ್ಲ. ಸನ್ಮಾನಕ್ಕೆ ಯಾವ ಕೋಟು ಹಾಕಿಕೊಳ್ಳುವುದು ಎಂಬಲ್ಲಿಗೆ ಮಾಮನ ಯೋಚನೆ ತಲುಪಿತು.

ಬಾಯಿ ಮುಚ್ಚಿಕೊಂಡಿದ್ದರೆ ಡ್ರೈವರ್ ಬಚಾವಾಗುತ್ತಿದ್ದ. ಆದರೆ ಅವನು ಎದ್ದು ನಿಂತು, "ಸಾರ್, ಅಮ್ಮ ಇಲ್ಲಿ ನೀರು ಕುಡೀತಾ ಕೂತಿದಾರೆ," ಎಂದುಬಿಟ್ಟ.

ಮಾಮ ಇಳಿದು ಬಂದರು. ಹೆಂಡತಿಯ ಕೈಯಲ್ಲಿ ಲೋಟವೂ ಇತ್ತು, ಮಾಮ ಬೆಂಚಿನ ಮೇಲೆ ಬಿಟ್ಟಿದ್ದ ಹಳೆಯ ವರದಿಗಳ ಫೈಲೂ ಇತ್ತು.

"ಈ ವಸ್ತು ಅಂದ್ರೆ ನಾನಾ?"

ಮಾಮ ಕೆಮ್ಮಿದರು. ಆಕೆ ಫೈಲು ಮುಚ್ಚಿ, "ಕೂತ್ಕೊಳಪ್ಪ," ಎಂದು ಡ್ರೈವರನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಈಗ ನಮ್ಮಿಬ್ಬರ ಕಣ್ಣು ಅಳೀರಿ."

ಮಾಮ ಟೇಪು ಹಿಡಿದರು. ಬೆಂಚಿನಿಂದ ಇಬ್ಬರ ಕಣ್ಣೂ ಒಂದೇ ಎತ್ತರದಲ್ಲಿದ್ದವು. ಮಾಮ ಕೂತಾಗ ಅವರ ಕಣ್ಣು ಇರುವುದಕ್ಕಿಂತ ಒಂದು ಗೇಣು ಕೆಳಗೆ.

"ಇಷ್ಟೊತ್ತು ನೋಡಿದ್ದು ನಿಮ್ಮ ಕಣ್ಣಲ್ಲಿ. ಇವನ ಕಣ್ಣಲ್ಲಿ ಯಾರು ನೋಡ್ತಾರೆ?" ಎಂದು ಆಕೆ ಸೆರಗು ಸಿಕ್ಕಿಸಿ ಲಾರಿ ಹತ್ತಿಯೇಬಿಟ್ಟರು.

ಲಾರಿಯ ಮುಂದೆ ಮೊದಲ ಸಲ ಮಾಮ ಬಗ್ಗಿ ಕೂತರು. ಅಂಚೆಯಾಕೆಯ ಎತ್ತರಕ್ಕೆ ಬರಲು ಇನ್ನೂ ಮೂರು ಇಂಚು ಕುಗ್ಗಬೇಕಾಯಿತು. ಮಂಡಿ ಲಟಕ್ಕೆಂದಿತು. ಮೂಗಿನ ಮುಂದೆ ಗೋಡೆಯಂತೆ ಕಬ್ಬಿಣ. ಎಂಜಿನ್ ಆಫ್ ಆಗಿದ್ದರೂ ಅವರಿಗೆ ಹೆದರಿಕೆಯಾಯಿತು. ಇಪ್ಪತ್ತೆರಡು ವರ್ಷ ಇವಳು ಇಲ್ಲಿ ಕೂರುತ್ತಿದ್ದಳಲ್ಲ ಎನಿಸಿತು.

"ಕಾಣ್ತಿದೀನಾ?"

"ಇಲ್ಲ."

ಅರ್ಧ ಮೀಟರ್ ಹಿಂದೆ ಸರಿದರು. "ಈಗ?"

"ಊಹೂಂ."

"ನಿಜವಾಗ್ಲೂ ಕಾಣ್ತಿಲ್ವೇನೇ?"

"ವಸ್ತು ಮಾತಾಡಬಾರದು."

ಒಂದು ಮೀಟರ್ ನಲವತ್ತು ಸೆಂಟಿಮೀಟರಿನಲ್ಲಿ ಅವರ ಬೋಳುತಲೆ ಕಂಡಿತು. ಅಂಚೆಯಾಕೆ ಇದ್ದದ್ದು ಎಪ್ಪತ್ತು ಸೆಂಟಿಮೀಟರಿನಲ್ಲಿ. ಡ್ರೈವರ್ ಬೆಂಚಿನಲ್ಲೇ ಕುಸಿದು ಅತ್ತುಬಿಟ್ಟ.

ಲೈಸೆನ್ಸು ಉಳಿಯಿತು. ಅಂಥ ಲಾರಿಗಳಿಗೆ ಮುಂಭಾಗ ತೋರಿಸುವ ಕನ್ನಡಿ ಹಾಕಬೇಕೆಂದೂ ಆದೇಶವಾಯಿತು. ನ್ಯಾಯಾಧೀಶರು ಮಾತ್ರ ವರದಿಯ ಮೊದಲ ಪುಟವನ್ನು ಎರಡು ಸಲ ಓದಿದರು. ವೀಕ್ಷಕರು ಎಂಬಲ್ಲಿ ಹೆಂಗಸಿನ ಹೆಸರಿತ್ತು.

"ಮತ್ತೆ ಈ ವಸ್ತು ಯಾರ್ರೀ?"

ಮಂಡಿ ಹಿಡಿದುಕೊಂಡು ಮಾಮ ಎದ್ದು ನಿಂತರು. "ನಾನೇ, ಸ್ವಾಮಿ."