ಅಕ್ಕ ಪರೀಕ್ಷಿಸಿದ ಬಾವಿ ನೀರು

ನಮ್ಮಕ್ಕ ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಸಹಾಯಕಿ. ಗಾಜಿನ ನಳಿಕೆ ತೊಳೆಯುವ ಕೆಲಸವಾದರೂ ಗತ್ತು ಮಾತ್ರ ಹೆಡ್ಮಿಸ್ಸಿನದು. ಬೀದಿಯ ಬಾವಿಗಳನ್ನೆಲ್ಲ ಪರೀಕ್ಷಿಸುವವಳು ಅವಳೇ. ಔಷಧಿ ಹಾಕಿದ ಪುಟ್ಟ ಸೀಸೆಗೆ ಗೆರೆಯವರೆಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿಡಬೇಕು. ಕಪ್ಪಾದರೆ ಆ ನೀರು ಕುಡಿಯಲು ಲಾಯಕ್ಕಿಲ್ಲ. ಎದುರುಮನೆ ದರ್ಜಿಯ ಬಾವಿ ನೀರು ಕಪ್ಪಾದಾಗ ಇವಳು ಅವನ ಬಾಗಿಲಲ್ಲೇ ನಿಂತು, "ಇನ್ನೊಂದು ಹನಿ ಮಕ್ಕಳ ಬಾಯಿಗೆ ಹಾಕಿದ್ರೆ ನೋಡಿ ಮತ್ತೆ!" ಎಂದು ಗದರಿಸಿ ಬಂದಿದ್ದಳು. ಇಂಥವಳು ನನ್ನ ಅಕ್ಕ ಎಂದು ನನಗೂ ಸ್ವಲ್ಪ ಜಂಬವಿತ್ತು.

ಅಮ್ಮ ತೀರಿಕೊಂಡ ಮೇಲೆ ಓದು ಬಿಟ್ಟು ನನ್ನನ್ನು ಸಾಕಿದವಳು ಅವಳು. ಈಗ ಅಕ್ಕಪಕ್ಕದ ಮನೆ, ನಡುವೆ ಒಂದೇ ಬಾವಿ. ಪ್ರತಿ ವರ್ಷ ಪರೀಕ್ಷೆ ಮಾಡಿ, "ನಮ್ದು ಚೆನ್ನಾಗಿದೆ ಕಣೇ, ಧೈರ್ಯವಾಗಿ ಕುಡಿ" ಎನ್ನುತ್ತಿದ್ದಳು. ಹೋದ ವರ್ಷವೂ ಹಾಗೇ ಅಂದಳು. ನಾನು ಕಣ್ಣು ಮುಚ್ಚಿಕೊಂಡು ನಂಬಿದೆ.

ಆಮೇಲಿನಿಂದ ನನ್ನ ಆರು ವರ್ಷದ ಮಗಳು ಮೂರು ಸಲ ವಾಂತಿಭೇದಿಯಿಂದ ಮಲಗಿದಳು. ಕೈಕಾಲು ಕಡ್ಡಿಯಾಯಿತು.

"ನೀರು ಟೆಸ್ಟ್ ಮಾಡ್ಸಿದ್ದೀರಾ?" ಎಂದು ಡಾಕ್ಟರಮ್ಮ ಕೇಳಿದರು.

"ಅಯ್ಯೋ, ನಮ್ಮಕ್ಕನೇ ಮಾಡ್ತಾಳೆ ಮೇಡಂ!"

ಆದರೂ ಅವರೊಂದು ಸೀಸೆ ಕೊಟ್ಟರು. ಮಾರನೆಯ ದಿನ ಅದು ಮಸಿಯಂತೆ ಕಪ್ಪಾಯಿತು.

ಪಾಪ, ಅಕ್ಕನ ಮನೆಯವರೂ ಇದನ್ನೇ ಕುಡಿಯುತ್ತಾರಲ್ಲ ಎಂದು ಸೀಸೆ ಹಿಡಿದುಕೊಂಡೇ ಓಡಿದೆ. ಅಡುಗೆಮನೆಯಲ್ಲಿ ಅವಳು ಅಂಗಡಿಯ ಕ್ಯಾನಿನಿಂದ ಪಾತ್ರೆಗೆ ನೀರು ಬಗ್ಗಿಸುತ್ತಿದ್ದಳು. ಪಕ್ಕದಲ್ಲಿ ಇನ್ನೂ ಮೂರು ಖಾಲಿ ಕ್ಯಾನು. ನನ್ನ ಕೈಯಲ್ಲಿದ್ದ ಸೀಸೆ ನೋಡಿ ಏನದು ಎಂದು ಕೂಡ ಕೇಳಲಿಲ್ಲ.

"ನಿಂಗೆ ಗೊತ್ತಿತ್ತಾ ಅಕ್ಕಾ?"

"ಹೋದ ವರ್ಷಾನೇ ಕಪ್ಪಾಗಿತ್ತು," ಎಂದಳು. "ನಮ್ಮ ಹೊಸ ಕಕ್ಕಸಿನ ಗುಂಡಿ ಬಾವಿಗೆ ಹತ್ರ ಆಗ್ಬಿಡ್ತು. ಹೇಳಿದ್ರೆ ನಿನ್ ಬಾಯಿ ಸುಮ್ನಿರತ್ತಾ? ಬೀದಿಯವರೆಲ್ಲ ನನ್ನ ಮುಖಕ್ಕೆ ಉಗೀತಿದ್ರು."

ಊರಿಗೆಲ್ಲ ಬುದ್ಧಿ ಹೇಳುವವಳಿಗೆ ನನ್ನ ಮಗುವಿಗಿಂತ ತನ್ನ ಮರ್ಯಾದೆ ದೊಡ್ಡದಾಯಿತು. ಇವಳೇ ಎತ್ತಿ ಆಡಿಸಿದ ಮಗು! ವಾಂತಿಭೇದಿಯಾದಾಗ ಪಕ್ಕದಲ್ಲೇ ಕೂತು, ನಮ್ಮನೆ ಲೋಟದಲ್ಲಿ ಅದೇ ನೀರನ್ನು ಕುಡಿಸಿದ್ದಳಲ್ಲ! ಬೇರೆ ಯಾರಾದರೂ ಆಗಿದ್ದರೆ ಜುಟ್ಟು ಹಿಡಿದು ಬೀದಿಗೆ ಎಳೆಯುತ್ತಿದ್ದೆ.

"ನೀನು ಕಾಯಿಸಿ ಕೊಡ್ತೀಯ ಅಂದ್ಕೊಂಡಿದ್ದೆ ಕಣೇ," ಎಂದಳು ಮೆಲ್ಲಗೆ.

"ನೀನು ಚೆನ್ನಾಗಿದೆ ಅಂದ್ಮೇಲೆ ನಾನ್ಯಾಕೆ ಕಾಯಿಸ್ಲಿ ಅಕ್ಕಾ?"