ಶಬಾನಾ ಬಿಡಿಸಿದ ಕ್ಯಾಚು

ಮದ್ದೂರಿನಲ್ಲಿ ಮನೆ ಕಟ್ಟಿ ಮೂವತ್ತು ವರ್ಷವಾದರೂ ಇಲ್ಲಿಯವರಿಗೆ ನಾನಿನ್ನೂ ‘ಮಳವಳ್ಳಿ ಮೇಷ್ಟ್ರು’. ಮಳವಳ್ಳಿಗೆ ಹೋದರೆ, ಮದ್ದೂರಿನೋರು ಬಂದವ್ರೆ ಎನ್ನುತ್ತಾರೆ. ಎರಡು ತಾಲ್ಲೂಕುಗಳ ನಡುವೆ ಪೌರತ್ವ ಕಳೆದುಕೊಂಡ ನಾನು, ಯಾವ ಆಟಗಾರ ಯಾವ ದೇಶದವನು ಎಂಬ ಚರ್ಚೆಗಳಲ್ಲಿ ಬಾಯಿ ಹಾಕುವುದಿಲ್ಲ.

ಮೊನ್ನೆ ಮಾತ್ರ ಹಾಕಬೇಕಾಯಿತು. ನಮ್ಮ ಬೀದಿಯ ಮೆಕ್ಯಾನಿಕ್ ಬಶೀರನ ಮಗಳು ಶಬಾನಾ ನನ್ನ ಶಿಷ್ಯೆ. ಮದುವೆಯಾಗಿ ಕೊಲ್ಲಿಯ ಒಂದು ದೇಶಕ್ಕೆ ಹೋದವಳು ಅಲ್ಲಿನ ಮಹಿಳಾ ಕ್ರಿಕೆಟ್ ತಂಡ ಸೇರಿದ್ದಳು. ಅವತ್ತು ಆ ತಂಡಕ್ಕೂ ಭಾರತಕ್ಕೂ ಪಂದ್ಯ. ಗ್ಯಾರೇಜಿನ ಟಿ.ವಿ. ಮುಂದೆ ಬಶೀರ, ನಾನು, ಕಬ್ಬಿಗೆ ನೀರು ಕಟ್ಟುವುದನ್ನು ಬಿಟ್ಟು ಬಂದಿದ್ದ ಹನಕೆರೆಯ ಕೆಂಪಣ್ಣ.

‘ಪಾಸ್‌ಪೋರ್ಟು ನಮ್ದು, ಅಂಗಿ ಅವ್ರುದು. ಇದೆಂಗೆ ಮೇಷ್ಟ್ರೇ?’ ಎಂದ ಕೆಂಪಣ್ಣ.

ಕೆಲವು ಆಟಗಳಿಗೆ ಪಾಸ್‌ಪೋರ್ಟು ಬೇಕು, ಕೆಲವಕ್ಕೆ ಅಜ್ಜಿ ಹುಟ್ಟಿದ ಊರಾದರೂ ನಡೆಯುತ್ತದೆ, ಕ್ರಿಕೆಟ್ಟಿಗೆ ಕೆಲವು ವರ್ಷ ಅಲ್ಲಿ ವಾಸವಿದ್ದರೂ ಸಾಕು ಎಂದು ವಿವರಿಸಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಾಗಾದರೆ ನೀವೂ ಮದ್ದೂರಿನವರಾಗಬಹುದು ಎಂದು ಮಂಜೂರು ಮಾಡಿದ.

ಬಶೀರ ಒಂದೇ ಸ್ಪ್ಯಾನರನ್ನು ಒರೆಸುತ್ತಲೇ ಇದ್ದ. ಭಾರತ ಗೆಲ್ಲಲಿ, ಮಗಳಿಗೆ ಮೂರು ವಿಕೆಟ್ ಸಿಗಲಿ ಎಂದು ಬೇಡಿಕೊಂಡಿದ್ದನಂತೆ. ದೇವರು ಎರಡು ವಿಕೆಟ್ ಕೊಟ್ಟು ಯೋಚಿಸುತ್ತಿದ್ದ.

ಕೊನೆಯ ಓವರು ಶಬಾನಾಳದು. ಭಾರತಕ್ಕೆ ಎರಡು ರನ್ ಬೇಕು, ಉಳಿದದ್ದು ಒಂದೇ ವಿಕೆಟ್. ಚೆಂಡು ಆಕಾಶಕ್ಕೆ ಏರಿತು. ಸ್ಟಂಪಿನ ಮೈಕಿನಲ್ಲಿ ಶಬಾನಾಳ ಕೂಗು ಗ್ಯಾರೇಜಿನವರೆಗೂ ಬಂತು: ‘ಇಡ್ಕೊ ಅಮ್ಮಿ, ಬುಡ್‌ಬ್ಯಾಡ!’

ಮನೆಯಲ್ಲಿ ಉರ್ದು ಆಡುವ ಹುಡುಗಿ ಕ್ರಿಕೆಟ್ ಕಲಿತದ್ದು ಬೀದಿಯಲ್ಲಿ, ನಮ್ಮ ಕನ್ನಡದಲ್ಲಿ. ಅಲ್ಲಿ ಹುಡುಗಿಯರೆಲ್ಲ ಅಮ್ಮಿಯರೇ. ಫೀಲ್ಡಿಂಗಿನ ಹುಡುಗಿ ಯಾಕೋ ಹಿಂದಕ್ಕೆ ತಿರುಗಿದಳು, ಚೆಂಡು ಕೈತಪ್ಪಿತು. ಅಷ್ಟರಲ್ಲಿ ಎರಡು ರನ್ ಓಡಿಯಾಗಿತ್ತು. ಭಾರತ ಗೆದ್ದಿತು. ಅರ್ಧ ಎದ್ದಿದ್ದ ಬಶೀರ ಹಾಗೇ ಕುಳಿತ. ಕೆಂಪಣ್ಣ, ಭಾರತವನ್ನು ಗೆಲ್ಲಿಸಿದ ಆ ಹುಡುಗಿಯನ್ನು ಮೂರು ತಲೆಮಾರು ಸೇರಿಸಿ ಬೈದ.

ಸಂಜೆ ಶಬಾನಾ ಫೋನು ಮಾಡಿದಾಗ ಗುಟ್ಟು ತಿಳಿಯಿತು. ಕ್ಯಾಚು ಬಿಟ್ಟವಳು ಲಾಹೋರಿನಲ್ಲಿ ಹುಟ್ಟಿದವಳು. ಅವಳ ಮಾತಿನಲ್ಲಿ ಅಮ್ಮಿ ಎಂದರೆ ತಾಯಿ. ತಾಯಿ ಮೈದಾನಕ್ಕೇ ಬಂದುಬಿಟ್ಟರೆಂದು ತಿರುಗಿದ್ದಳಂತೆ.

ಕೆಂಪಣ್ಣ ಫೋನಿಗೆ ಬಾಯಿಟ್ಟ. ‘ಇನ್ಮ್ಯಾಕೆ ಇಂಗ್ಲೀಸ್ನಾಗೆ ಕೂಗವ್ವ.’

‘ಎದ್ರಿಕೆ ಆದಾಗ ಇಂಗ್ಲೀಸು ಬತ್ತದಾ, ಮಾವ?’ ಎಂದಳು ಅವಳು.

ಆಟಗಾರರ ದೇಶ ತೀರ್ಮಾನಿಸುವ ದೊಡ್ಡವರು ದಾಖಲೆಗಳನ್ನು ಪಕ್ಕಕ್ಕಿಟ್ಟು, ಒಂದು ಚೆಂಡನ್ನು ಮೇಲಕ್ಕೆ ಹೊಡೆಸಿ, ಬಾಯಿಗೇನು ಬರುತ್ತದೆ ಎಂದು ಕಿವಿಗೊಡುವುದು ಒಳ್ಳೆಯದು. ತೊಂದರೆ ಒಂದೇ: ಹಾಗೆ ಮಾಡಿದರೆ ದೇಶಗಳು ಸಿಗಲಾರವು, ಬರೀ ಬೀದಿಗಳು ಸಿಕ್ಕಾವು.