ಏಳನೆಯ ಕೋಣೆಯ ಕರೆಗಂಟೆ

ಜೈಲಿನವರು ಅವಳಿಗಿಟ್ಟ ಹೆಸರು ಗಂಟೆಯಕ್ಕ. ಹದಿನೆಂಟು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು, ಆಮೇಲೆ ಜೈಲುಗಳ ತಪಾಸಣೆಗೆ ಬಂದವಳು. ಕರೆದರೆ ಬರುವವರಿದ್ದಾರೆ ಎಂಬ ನಂಬಿಕೆಯೇ ಅರ್ಧ ಮದ್ದು ಎಂದು ವಾರ್ಡಿನಲ್ಲಿ ಕಲಿತಿದ್ದಳು. ಹಾಗಾಗಿ ಯಾವ ಜೈಲಿಗೆ ಹೋದರೂ ಕಡತ ಬಿಚ್ಚುವ ಮೊದಲು ಒಂದು ಕೋಣೆ ಹೊಕ್ಕು, ಹೊರಗಿನಿಂದ ಬೀಗ ಹಾಕಿಸಿಕೊಂಡು, ಗೋಡೆಯ ಕರೆಗಂಟೆ ಒತ್ತಿ ಗಡಿಯಾರ ನೋಡುತ್ತ ಕೂರುತ್ತಿದ್ದಳು.

"ನನಗೂ ಈ ಪರೀಕ್ಷೆ ಆಗಿದೆ," ಎಂದು ದರ್ಜಿ ಕೆಲಸದ ಗಂಡ ನಗುತ್ತಿದ್ದ. "ಕೂಗಿದರೆ ಎರಡು ನಿಮಿಷ. ಹೇಗೋ ಪಾಸಾಗಿದ್ದೀನಿ."

ಆ ಬೆಳಿಗ್ಗೆ ಹೋದ ಜೈಲು ಮದುವೆಮನೆಯ ಹಾಗೆ ಹೊಳೆಯುತ್ತಿತ್ತು. ಅವಳು ಬರುವ ಸುದ್ದಿ ತಿಳಿದು ಗೋಡೆಗೆಲ್ಲ ಹೊಸ ಬಣ್ಣ ಬಳಿಸಿದ್ದರು. ಏಳನೆಯ ಕೋಣೆಯಲ್ಲಿದ್ದ ಉಬ್ಬಸದ ಮುದುಕ ಮಂಚದ ಮೇಲೆ ಸರಿದು ಜಾಗ ಕೊಟ್ಟ. ಬೀಗ ಬಿತ್ತು. ಗಂಟೆಯ ಗುಂಡಿ ಬಣ್ಣದಡಿ ಹೂತು ಗೋಡೆಯೇ ಆಗಿಹೋಗಿತ್ತು. ಒತ್ತಿದಳು, ಅಲುಗಲಿಲ್ಲ.

"ಉಸಿರು ಕಟ್ಟಿದಾಗ ಏನ್ ಮಾಡ್ತೀರಿ ಅಜ್ಜ?"

"ಪಕ್ಕದವನ ಗೋಡೆ ಗುದ್ದುತ್ತೀನಿ ಮಗಳೇ. ಅವನು ಬಾಗಿಲು ಬಡಿದು ಎಲ್ಲರನ್ನೂ ಎಬ್ಬಿಸ್ತಾನೆ. ನಾಳೆ ಅವನಿಗೆ ಬಿಡುಗಡೆ." ಮುದುಕ ಎದೆ ನೀವಿಕೊಂಡ. "ಹೋಗಲಿ, ಪಾಪ."

ಹನ್ನೊಂದು ನಿಮಿಷದ ಮೇಲೆ ಜೈಲರ್ ಇಣುಕಿದ. "ನೀವು ಕರೀತೀರಂತ ಕಾಯ್ತಾ ಇದ್ವಿ, ಮೇಡಂ."

"ಕರೆದೆ. ಗೋಡೆಗೂ ಕಿವಿ ಇದೆ ಅಂತಾರೆ. ನಿಮ್ಮ ಗೋಡೆಗೆ ಬಣ್ಣ ಮಾತ್ರ ಇದೆ."

"ಮುಂದಿನ ವಾರ ಸರಿ ಮಾಡಿಸ್ತೀವಿ."

"ಪಕ್ಕದವನು ಹೋಗೋದು ನಾಳೆ. ಗಂಟೆ ಹೊಡೆಯೋ ತನಕ ನಾನಿಲ್ಲೇ." ಅವಳು ಮಂಚದ ಮೇಲೆ ಮತ್ತೆ ಕೂತಳು.

ಜೈಲರ್ ತಲೆ ಕೆರೆದುಕೊಂಡ. ದಾರಿ ತೋರಿಸಿದವನು ಮುದುಕನೇ: "ಪಕ್ಕದವನು ಇಲ್ಲೇ ವೈರಿಂಗ್ ಕಲಿತಿದಾನಲ್ಲ, ಕರೀರಿ."

ಅವನು ಸ್ಕ್ರೂಡ್ರೈವರ್ ಹಿಡಿದು ಬಂದ. ಮುಖ ತಗ್ಗಿಸಿ, "ಬಣ್ಣ ಬಳಿದವನೂ ನಾನೇ ಅಕ್ಕ. ಒಂದು ಕಲೆನೂ ಕಾಣಬಾರದು ಅಂದ್ರು," ಎಂದ. ಬಣ್ಣ ಕೆರೆದ, ಗುಂಡಿ ಬಿಚ್ಚಿದ, ತುಕ್ಕು ಉಜ್ಜಿ ತಂತಿ ಕೂಡಿಸಿದ. ಉಳಿದ ಕೋಣೆಗಳನ್ನೂ ಸಂಜೆಯೊಳಗೆ ಮುಗಿಸುವುದಾಗಿ ತಾನೇ ಹೇಳಿದ. ಅವಳು ವರದಿಯಲ್ಲಿ ಅವನ ಹೆಸರು ಬರೆದು, ಎದುರಿಗೆ 'ಅಚ್ಚುಕಟ್ಟಾದ ಕೆಲಸ' ಎಂದು ಸೇರಿಸಿ, ಹೊರಗೆ ಕೆಲಸ ಕೇಳುವಾಗ ತೋರಿಸಲಿ ಎಂದು ಒಂದು ಪ್ರತಿ ಅವನ ಕೈಗಿತ್ತಳು.

"ನೀವೇ ಒತ್ತಿ ಅಜ್ಜ."

ಪಡಸಾಲೆಯ ತುದಿಯಲ್ಲಿ ಗಂಟೆ ಕಿರುಚಿತು. ಕಾವಲುಗಾರ ಓಡಿ ಬಂದ. "ಏನಾಯ್ತು?"

"ಏನಿಲ್ಲಪ್ಪ. ಬರ್ತೀಯೋ ಇಲ್ಲವೋ ಅಂತ ನೋಡಿದೆ."

ನಲವತ್ತು ಸೆಕೆಂಡು. ಅವಳು ಬರೆದುಕೊಂಡಳು. ಅವಳಿನ್ನೂ ಬಾಗಿಲು ದಾಟಿರಲಿಲ್ಲ, ಮುದುಕ ಮತ್ತೊಮ್ಮೆ ಒತ್ತಿದ. ಅದನ್ನು ಮಾತ್ರ ಬರೆಯಲಿಲ್ಲ.